ಅಭ್ಯಂಗ ಮಾಡುವವರ ಹೆಬ್ಬೆರಳು ನೋವು

ಪ್ರಶ್ನೆ (ವಿರಾಜಪೇಟೆಯಿಂದ): ಸಿದ್ದಾಪುರದ ಬಳಿಯ ರೆಸಾರ್ಟ್ ಒಂದರಲ್ಲಿ ಅತಿಥಿಗಳಿಗೆ ಅಭ್ಯಂಗ (ಮೈಗೆ ಎಣ್ಣೆ ಹಚ್ಚಿ ತಿಕ್ಕುವುದು) ಮಾಡುತ್ತೇನೆ. ಮಳೆ ನಿಂತು ಪ್ರವಾಸಿಗರು ಹೆಚ್ಚಿದಾಗಿನಿಂದ ಬಲ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನೋವಿದೆ. ಸಂಜೆಗೆ ಸೊಂಟವೂ ಹಿಡಿದುಕೊಳ್ಳುತ್ತದೆ. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡರೆ ಸಾಕೇ? ಅತಿಥಿಗಳನ್ನು ಮಲಗಿಸುವ ನಮ್ಮ ಹಲಗೆ ಮರದ ದ್ರೋಣಿಯಾದ್ದರಿಂದ ಎತ್ತರ ಬದಲಿಸಲಾಗದು.

ಉತ್ತರ (ಫಿಸಿಯೋಥೆರಪಿಸ್ಟ್): ಪಟ್ಟಿಯಿಂದ ನೋವು ತಗ್ಗೀತು, ಕಾರಣ ಹಾಗೆಯೇ ಉಳಿಯುತ್ತದೆ. ನಾನಾದರೆ ಮೊದಲು ದ್ರೋಣಿಯನ್ನೇ ನೋಡುತ್ತೇನೆ. ಅದು ನಿಮ್ಮ ಎತ್ತರಕ್ಕೆ ಹೆಚ್ಚಾದರೆ ದೇಹದ ಭಾರ ಕೈಗೆ ಇಳಿಯದೆ, ಭುಜಗಳು ಮೇಲೇರಿ, ಒತ್ತುವ ಕೆಲಸವೆಲ್ಲ ಹೆಬ್ಬೆರಳಿನ ಪಾಲಾಗುತ್ತದೆ. ತಗ್ಗಾದರೆ ಸೊಂಟ ಬಾಗಿಯೇ ಇರುತ್ತದೆ. ಹೆಬ್ಬೆರಳ ತುದಿಯಲ್ಲಿ 1 ಕಿಲೊ ಬಲದಿಂದ ಚಿವುಟಿದರೂ ಬುಡದ ಕೀಲಿನ ಮೇಲೆ ಸುಮಾರು 12 ಕಿಲೊದಷ್ಟು ಒತ್ತಡ ಬೀಳುತ್ತದೆ ಎಂಬುದನ್ನು ನೆನೆದರೆ, ದಿನವಿಡೀ ಅದೇ ಬೆರಳಿನಿಂದ ಬೆನ್ನು ತಿಕ್ಕುವುದರ ಬೆಲೆ ಅರ್ಥವಾಗುತ್ತದೆ.

ನೇರವಾಗಿ ನಿಂತು ತೋಳು ಇಳಿಬಿಟ್ಟು ಮುಷ್ಟಿ ಹಿಡಿದಾಗ ಗೆಣ್ಣುಗಳು ದ್ರೋಣಿಯ ಹಲಗೆಯ ಮೇಲ್ಮೈಯನ್ನು ತಾಗಬೇಕು. ಮಲಗಿದವರು ದಪ್ಪಗಿದ್ದರೆ ಅದಕ್ಕಿಂತ ತುಸು ತಗ್ಗಿದ್ದರೂ ಸರಿ. ದ್ರೋಣಿ ಎತ್ತರವಾದರೆ ಅದರ ಉದ್ದಕ್ಕೂ ಅಲುಗಾಡದ, ಅಗಲವಾದ ಕಾಲ್ಮಣೆಯನ್ನು ಬಡಗಿಯಿಂದ ಮಾಡಿಸಿ. ಕೊಡಗಿನ ಮಳೆಗಾಲದಲ್ಲಿ ನೆಲ ಒಣಗುವುದೇ ಇಲ್ಲ, ಅದರ ಮೇಲೆ ಎಣ್ಣೆಯೂ ಸೇರುತ್ತದೆ. ಆದ್ದರಿಂದ ರಬ್ಬರ್ ಹಾಸು ಇಲ್ಲದ ಮಣೆ ಇನ್ನೊಂದು ಅಪಾಯ. ದ್ರೋಣಿ ತಗ್ಗಾದರೆ ಅದರ ಕಾಲುಗಳನ್ನೇ ಭದ್ರವಾಗಿ ಎತ್ತರಿಸಬಹುದು.

ನಿಲ್ಲುವಾಗ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಇರಲಿ. ಹಿಂಗಾಲಿನಿಂದ ದೇಹವನ್ನು ಮುಂದಕ್ಕೆ ವಾಲಿಸಿದರೆ, ಭುಜ, ಮೊಣಕೈ, ಮಣಿಕಟ್ಟುಗಳು ಒಂದೇ ಸಾಲಿನಲ್ಲಿರುವಾಗ ಒತ್ತಡ ತಾನಾಗಿ ಹುಟ್ಟುತ್ತದೆ. ಬೆನ್ನು, ತೊಡೆಗಳಿಗೆ ಮುಂಗೈ (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ಬಳಸಿ; ಹೆಬ್ಬೆರಳನ್ನು ಸಣ್ಣ ಜಾಗಗಳಿಗೆ ಮಾತ್ರ, ಅದೂ ಇನ್ನೊಂದು ಕೈಯ ಆಸರೆಯೊಂದಿಗೆ. ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಮಣಿಕಟ್ಟನ್ನು ಕಿರುಬೆರಳಿನತ್ತ ಮೆಲ್ಲಗೆ ಬಾಗಿಸಿದಾಗ ಚುರುಕ್ಕೆನ್ನುವ ನೋವು ಬಂದರೆ, ಅದು ಸ್ನಾಯುರಜ್ಜುವಿನ ಕವಚ ಊದಿಕೊಂಡಿರುವ ಡಿ ಕ್ವೆರ್ವೈನ್ ತೊಂದರೆ ಇರಬಹುದು, ವೈದ್ಯರಿಗೆ ತೋರಿಸಿ.

ಇನ್ನೊಬ್ಬರು (ಕುಶಾಲನಗರ): ನನಗೆ ನೋವಿಗಿಂತ ರಾತ್ರಿ ಬೆರಳುಗಳು ಜೋಮು ಹಿಡಿಯುವುದೇ ಹೆಚ್ಚು. ಇದೂ ಅದೇ ತೊಂದರೆಯೇ?

ಉತ್ತರ: ಬೇರೆ ಇರಬಹುದು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳುಗಳಲ್ಲಿ ಜೋಮು ಇದ್ದು ಕಿರುಬೆರಳು ಸರಿಯಿದ್ದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಹೋಗಿರುವ ಕಾರ್ಪಲ್ ಟನಲ್ ತೊಂದರೆಯನ್ನು ಶಂಕಿಸುತ್ತೇವೆ. ಹಿಡಿದ ವಸ್ತು ಕೈಜಾರುತ್ತಿದ್ದರೆ ಪ್ರವಾಸಿಗರ ಋತು ಮುಗಿಯಲೆಂದು ಕಾಯದೆ ವೈದ್ಯರಿಗೆ ತೋರಿಸಿ.

ಮೊದಲ ಪ್ರಶ್ನೆ ಕೇಳಿದವರು: ನಡುವೆ ಬಿಡುವು ಕೊಡಲು ವ್ಯವಸ್ಥಾಪಕರು ಒಪ್ಪುವುದಿಲ್ಲ.

ಉತ್ತರ: ಬಿಡುವಿನ ಬದಲು ಸರದಿಯನ್ನು ಕೇಳಿ ನೋಡಿ. ಎರಡು ಅಭ್ಯಂಗಗಳ ನಡುವೆ ನಿಮಗೊಂದು ಶಿರೋಧಾರೆಯ (ಹಣೆಯ ಮೇಲೆ ಎಣ್ಣೆಯನ್ನು ಧಾರೆಯಾಗಿ ಸುರಿಯುವ ಚಿಕಿತ್ಸೆಯ) ಸರದಿ ಹಾಕಿದರೆ ಅವರ ಆದಾಯಕ್ಕೆ ನಷ್ಟವಿಲ್ಲ, ನಿಮ್ಮ ಹೆಬ್ಬೆರಳಿಗೂ ಅಷ್ಟು ಹೊತ್ತು ಕೆಲಸವಿರುವುದಿಲ್ಲ.