ಫ್ಯಾಮಿಲಿ ಗ್ರೂಪಲ್ಲಿ ಬಿಸಿಲು ರಜೆ ಗಲಾಟೆ

ಅತ್ತಿಗೆ: (ಫಾರ್ವರ್ಡ್) ಹೊಸ ರೂಲ್!! 40 ಡಿಗ್ರಿ ದಾಟಿದ್ರೆ, ಇಲ್ಲಾ ಆಫೀಸಿಗೆ ನೀರು ನುಗ್ಗಿದ್ರೆ, ಸ್ಥಳೀಯ ಸಂಸ್ಥೆ ನೌಕರರಿಗೆಲ್ಲ ಸಂಬಳ ಸಮೇತ ರಜೆ. ಎಲ್ಲರಿಗೂ ಕಳಿಸಿ.
ನಮ್ಮ ಮನೇಲೂ ಒಬ್ರಿಗೆ ಲಾಟರಿ ಹೊಡೀತು 😀

ಭಾವ: ಸೋರ್ಸ್? ಆದೇಶದ ನಂಬರಿಲ್ಲ, ತಾರೀಕಿಲ್ಲ.

ಅತ್ತಿಗೆ: ನಂಗೇನ್ ಗೊತ್ತಣ್ಣ, ಬಂದಿದ್ದು ಕಳಿಸ್ದೆ.

ದೊಡ್ಡಪ್ಪ: ರಜೆ ರಜೆ ರಜೆ. ನಮ್ ಕಾಲದಲ್ಲೂ ಬಿಸಿಲಿತ್ತು, ಫೈಲಲ್ಲೇ ಗಾಳಿ ಬೀಸ್ಕೊಂಡು ಇಡೀ ಸರ್ವೀಸ್ ಮುಗಿಸಿದೀವಿ. ಜನ ತೆರಿಗೆ ಕಟ್ಟೋದು ನೀವು ಮನೇಲಿ ಮಲಗ್ಲಿ ಅಂತಲ್ಲ.

ಪುಟ್ಟಣ್ಣ: ದೊಡ್ಡಪ್ಪನ ಆಫೀಸ್ ಅಂದ್ರೆ ಆ ನೆಲಮಾಳಿಗೆ ರೆಕಾರ್ಡ್ ರೂಂ ನೆನಪಾಗುತ್ತೆ! ರಜೇಲಿ ಅಲ್ಲೇ ಕಣ್ಣಾಮುಚ್ಚಾಲೆ ಆಡ್ತಿದ್ವಲ್ಲ, ಎಷ್ಟು ತಣ್ಣಗಿರ್ತಿತ್ತು

ನಾನು: ನೀರು ಮೊದಲು ಇಳಿಯೋದೂ ಅಲ್ಲಿಗೇ ಪುಟ್ಟಣ್ಣ. ನೆನೆದ ಕಾಗದಕ್ಕೆ ಎರಡು ದಿನದಲ್ಲೇ ಬೂಷ್ಟು ಹಿಡಿಯೋಕೆ ಶುರುವಾಗುತ್ತೆ, ಜನನ ಮರಣ ರಿಜಿಸ್ಟರ್, ಆಸ್ತಿ ದಾಖಲೆ ಎಲ್ಲ ಕೆಳಗಿನ ರ‍್ಯಾಕಲ್ಲೇ ಇರುತ್ತೆ, ಯುಪಿಎಸ್ಸೂ ನೆಲದ ಮೇಲೇ. ದೊಡ್ಡಪ್ಪ, ರಜೆ ಯಾರಿಗ್ ಬೇಕು, ಊರಿಗೆ ನೀರು ನುಗ್ಗಿದಾಗ ಜನ ಓಡಿ ಬರೋದೇ ನಮ್ಮ ಆಫೀಸಿಗೆ, ಅದಕ್ಕೇ ಬೀಗ ಹಾಕಿದ್ರೆ ಅವರು ಎಲ್ಲಿಗೆ ಹೋಗ್ಬೇಕು?

ದೊಡ್ಡಪ್ಪ: ಹಂಗಾದ್ರೆ ನಾನ್ ಹೇಳಿದ್ದೇ ಸರಿ ತಾನೆ.

ನಾನು: ಪೂರ್ತಿ ಅಲ್ಲ. ನೀವು ನೆರಳಲ್ಲಿ ಕೂತಿದ್ರಿ ದೊಡ್ಡಪ್ಪ. ನಾನು ಹೇಳ್ತಿರೋದು ರೋಡ್ ಗುಡಿಸೋರು, ಚರಂಡಿ ಹೂಳೆತ್ತೋರ ಬಗ್ಗೆ. ಗಾಳೀಲಿ ತೇವ ಜಾಸ್ತಿ ಇದ್ರೆ ಬೆವರು ಆರಲ್ಲ, ಮೈ ತಣ್ಣಗಾಗಲ್ಲ, 40 ಮುಟ್ಟೋಕೆ ಮುಂಚೇನೇ ಜನ ಬೀಳ್ತಾರೆ.

ಭಾವ: ಇದಕ್ಕಾದ್ರೂ ಸೋರ್ಸ್ ಇದ್ಯಾ?

ನಾನು: ಇದೆ ಭಾವ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರ ವರದಿ ನೋಡಿ, ಕೆಲಸದ ಜಾಗದಲ್ಲಿ ವಿಪರೀತ ಶಾಖಕ್ಕೆ ಸಿಗೋರು ವರ್ಷಕ್ಕೆ 240 ಕೋಟಿಗೂ ಹೆಚ್ಚು ಜನ. ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ (NIOSH) ಹೇಳೋದು, ಬಿಸಿಲಿನ ಕೆಲಸಕ್ಕೆ ಹೊಸಬರು ಬಂದ್ರೆ ಮೊದಲ ದಿನ ಶೇ. 20ರಷ್ಟೇ ಕೆಲಸ ಕೊಡಿ, ದಿನಕ್ಕೆ ಶೇ. 20ಕ್ಕಿಂತ ಜಾಸ್ತಿ ಏರಿಸ್ಬೇಡಿ ಅಂತ. ಇನ್ನು ಮಳೆ, ಒಂದು ಡಿಗ್ರಿ ಬಿಸಿ ಏರಿದ್ರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹಿಡ್ಕೊಳ್ಳುತ್ತೆ, ಅದಕ್ಕೇ ಒಂದೇ ಬೇಸಿಗೇಲಿ ಸುಡೋ ಬಿಸಿಲೂ ಬರುತ್ತೆ ಧೋ ಅಂತ ಮಳೇನೂ ಬರುತ್ತೆ.

ದೊಡ್ಡಪ್ಪ: ಅಳಿಯಂದ್ರು ಎಲ್ಲರ ಹತ್ರಾನೂ ಸೋರ್ಸ್ ಕೇಳ್ತಾರೆ. ಬ್ಯಾಂಕ್ ಎಲ್ಲಾ ಒಂದು ವಾರ ಬಂದ್ ಅಂತ ಹಾಕಿ ಹೆದರಿಸಿದ್ಯಾರು?

ಭಾವ: ಮಾವ, ಅದು ನಾನಲ್ಲ, ಪುಟ್ಟಣ್ಣ. ಆವತ್ತೂ ನನ್ ಮೇಲೇ ಹಾಕಿದ್ರಿ.

ಪುಟ್ಟಣ್ಣ: ನಾನು ಆಮೇಲೆ ಡಿಲೀಟ್ ಮಾಡಿದೀನಿ

ಅತ್ತಿಗೆ: ಡಿಲೀಟ್ ಮಾಡೋ ಹೊತ್ತಿಗೆ ನಮ್ಮಮ್ಮ ಹೋಗಿ ಕ್ಯೂನಲ್ಲಿ ನಿಂತಿದ್ರು, ಮರ್ತಿಲ್ಲ ನಾನು.

ನಾನು: ಬ್ಯಾಂಕ್ ವಿಷ್ಯ ಆಮೇಲೆ ಜಗಳ ಆಡಿ. ನಾಳೆ ಮೀಟಿಂಗಲ್ಲಿ ಕೇಳೋದು ಇಷ್ಟು: ರಿಜಿಸ್ಟರ್‌ಗಳು ಮೇಲಿನ ಮಹಡಿಗೆ, ಮೇನ್ ಬೋರ್ಡ್ ಎತ್ತರಕ್ಕೆ, ಹೊರಗಡೆ ಕೆಲಸ ಬೆಳಗಿನ ಜಾವಕ್ಕೆ, ಕಾಲು ಗಂಟೆಗೊಂದ್ಸಲ ನೀರು, ಮಧ್ಯ ಮಧ್ಯ ನೆರಳು. ದೊಡ್ಡಪ್ಪ, ರಿಜಿಸ್ಟರ್ ಸಾಗಿಸುವಾಗ ಯಾವ್ದು ಮೊದಲು ಎತ್ತಬೇಕು ಅಂತ ನಿಮ್ಗೇ ಚೆನ್ನಾಗಿ ಗೊತ್ತಿರೋದು.

ದೊಡ್ಡಪ್ಪ: ಜನನ ಮರಣ ಮೊದಲು. ಆಮೇಲೆ ಆಸ್ತಿ. ರಾತ್ರಿ ಫೋನ್ ಮಾಡು, ಇಲ್ಲಿ ಬರೆಯಲ್ಲ, ಅಳಿಯಂದ್ರು ಸೋರ್ಸ್ ಕೇಳ್ತಾರೆ.