ಟಾರ್ ಮಾಡುವಾಗ 'ಸಾಕೆಟ್ ಇಗ್ನೋರ್ಡ್' ಅಂತ ಬರ್ತಿದೆ, ಫೈಲ್ ಮಿಸ್ ಆಗುತ್ತಾ?

ಮಂಡ್ಯಹುಡುಗ:
ಆಫೀಸಲ್ಲಿ ಹಳೇ ಸೆಂಟ್‌ಓಎಸ್ 5 (ಲಿನಕ್ಸ್) ಬಾಕ್ಸ್ ಒಂದಿದೆ, ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ ಮತ್ತೆ ಸಿಎಚ್‌ರೂಟ್ (ಒಂದೇ ಫೋಲ್ಡರ್‌ಗೆ ಕಟ್ಟಿಹಾಕಿದ ಜಾಗ) ಒಳಗೆ ಡಿಎನ್‌ಎಸ್ ಸರ್ವರ್ ಬೈಂಡ್ ಓಡ್ತಿದೆ, ಹೊಸ ಮಷೀನಿಗೆ ಶಿಫ್ಟ್ ಮಾಡ್ಬೇಕು. ವಾರ್ (/var) ಡೈರೆಕ್ಟರಿ ಟಾರ್ ಮಾಡೋಕ್ (ಎಲ್ಲಾ ಫೈಲ್ ಸೇರಿಸಿ ಒಂದೇ ಆರ್ಕೈವ್ ಮಾಡೋಕ್) ಹೋದ್ರೆ ಪೋಸ್ಟ್‌ಫಿಕ್ಸ್ ಸ್ಪೂಲ್ (ಮೇಲ್ ಕ್ಯೂ ಇರೋ ಫೋಲ್ಡರ್) ಒಳಗಿನ ಪ್ರೈವೇಟ್ ಫೋಲ್ಡರ್‌ದು ಸಾಲಾಗಿ 'ಸಾಕೆಟ್ ಇಗ್ನೋರ್ಡ್' ಅಂತಿದೆ. ಬೈಂಡ್ ಫೋಲ್ಡರ್ ಮಾತ್ರ ಬೇರೆ ಟಾರ್ ಮಾಡಿ ನನ್ ಲ್ಯಾಪ್‌ಟಾಪಲ್ಲಿ ಬಿಚ್ಚಿದ್ರೆ ನಲ್, ರ್‍ಯಾಂಡಮ್ ಎರಡಕ್ಕೂ 'ಆಪರೇಷನ್ ನಾಟ್ ಪರ್ಮಿಟೆಡ್'. ಇದೆಲ್ಲಾ ಸಾಲ್ದು ಅಂತ ಲಾಸ್ಟ್‌ಲಾಗ್ ಫೈಲು (ಯಾರು ಕೊನೇ ಸಲ ಯಾವಾಗ ಲಾಗಿನ್ ಆದ್ರು ಅನ್ನೋ ದಾಖಲೆ) 1.2 ಟಿಬಿ ತೋರಿಸ್ತಿದೆ, ಡಿಸ್ಕ್ ಇರೋದೇ 500 ಜಿಬಿ! ಯಾರಾದ್ರೂ ಹೇಳ್ರಪ್ಪ

ಶೆಲ್‌ಪ್ರಿಯ:
ಸಾಕೆಟ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಪ್ರೋಗ್ರಾಮ್‌ಗಳು ಒಂದಕ್ಕೊಂದು ಮಾತಾಡೋಕ್ ಇರೋ ಬಾಗಿಲು ಅಷ್ಟೇ. ಅದ್ರಲ್ಲಿ ಡೇಟಾನೇ ಇಲ್ಲ, ಪ್ರೋಗ್ರಾಮು ಸ್ಟಾರ್ಟ್ ಆದಾಗ ತಾನೇ ಹುಟ್ಟಿಸ್ಕೊಳ್ಳುತ್ತೆ, ಟಾರ್ ಫಾರ್ಮ್ಯಾಟಲ್ಲಿ ಸಾಕೆಟ್‌ಗೆ ಜಾಗನೂ ಇಲ್ಲ. ಹಳೇದು ಉಳ್ಕೊಂಡಿದ್ರೇ ತಾಪತ್ರಯ, ಎಷ್ಟೋ ಪ್ರೋಗ್ರಾಮ್‌ಗಳು 'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಅಂತ ಮುಷ್ಕರ ಹೂಡ್ತವೆ. ಅದೇ ಸ್ಪೂಲಲ್ಲಿ ಪಬ್ಲಿಕ್ ಫೋಲ್ಡರ್ ನೋಡಿ, ನಿಮ್ ಹಳೇ ವರ್ಷನ್ನಲ್ಲಿ ಪಿಕಪ್ ಅನ್ನೋದು ಫೈಫೋ (ಡೇಟಾ ಹಾದುಹೋಗೋ ಪೈಪ್ ಥರದ ಫೈಲ್), ಅದನ್ನ ಟಾರ್ ಹೆಸರು ಪರ್ಮಿಷನ್ ಸಮೇತ ಇಟ್ಕೊಳ್ಳುತ್ತೆ, ಒಳಗೆ ಓದೋಕ್ ಹೋಗಲ್ಲ

ರಾತ್ರಿಪಾಳಿ:
ನಲ್, ರ್‍ಯಾಂಡಮ್ ಡಿವೈಸ್ ಫೈಲು ಸರ್, ಅಂದ್ರೆ ಕರ್ನಲ್‌ನ ಡಿವೈಸ್ ಕಡೆ ತೋರಿಸೋ ಹೆಸರು ಅಷ್ಟೇ. ಟಾರ್ ಲಿಸ್ಟಿಂಗ್ ತೆಗೆದು ನೋಡಿ, ಸಾಲಿನ ಮೊದಲ ಅಕ್ಷರ 'ಸಿ' ಇರುತ್ತೆ, ಸೈಜ್ ಇರೋ ಜಾಗದಲ್ಲಿ ನಲ್‌ಗೆ 1,3 ರ್‍ಯಾಂಡಮ್‌ಗೆ 1,8 ಅಂತಿರುತ್ತೆ, ಹೆಸರು ಪರ್ಮಿಷನ್ ಜೊತೆ ಆ ಮೇಜರ್ ಮೈನರ್ ನಂಬರ್ (ಯಾವ ಡಿವೈಸ್ ಅಂತ ಹೇಳೋ ಜೋಡಿ) ಬಿಟ್ರೆ ಆರ್ಕೈವಲ್ಲಿ ಬೇರೇನೂ ಇಲ್ಲ. ಬಿಚ್ಚುವಾಗ ರೂಟ್ (ಅಡ್ಮಿನ್ ಅಧಿಕಾರ) ಬೇಕೇ ಬೇಕು, ಇಲ್ದಿದ್ರೆ ಯಾರ್ ಬೇಕಾದ್ರೂ ಹಾರ್ಡ್ ಡಿಸ್ಕ್ ಹೆಸರಲ್ಲಿ ಡಿವೈಸ್ ಫೈಲ್ ಮಾಡ್ಕೊಂಡು ಎಲ್ಲಾ ಓದ್ಬಿಡ್ತಾರೆ.

ಲಾಸ್ಟ್‌ಲಾಗ್ ಕಥೆ ಮಜಾ ಇದೆ. ಪ್ರತಿ ಯೂಸರ್ ಐಡಿಗೆ 292 ಬೈಟ್ ಜಾಗ, 64 ಬಿಟ್ ಸೆಂಟ್‌ಓಎಸ್ 5ರಲ್ಲಿ ಎನ್‌ಎಫ್‌ಎಸ್‌ನೋಬಡಿ ಅನ್ನೋ ಸಿಸ್ಟಮ್ ಯೂಸರ್ ಐಡಿ 4294967294, ಗುಣಿಸಿ ನೋಡಿ 1.2 ಟಿಬಿ ಹತ್ರ ಬರುತ್ತೆ. ಮಧ್ಯ ಎಲ್ಲಾ ಖಾಲಿ ಜಾಗ, ಡಿಯು ಕಮಾಂಡ್ ಹಾಕಿದ್ರೆ ನಿಜವಾದ ಸೈಜ್ ಗೊತ್ತಾಗುತ್ತೆ. ಟಾರ್ ಮಾಡುವಾಗ್ಲೇ ಖಾಲಿ ಜಾಗ ಬಿಟ್ಟು ಇಟ್ಕೊಳ್ಳೋಕೆ ಕ್ಯಾಪಿಟಲ್ ಎಸ್ ಆಪ್ಷನ್ ಹಾಕ್ಬೇಕು, ಬಿಚ್ಚುವಾಗ ಹಾಕಿದ್ರೆ ಉಪಯೋಗ ಇಲ್ಲ. ಆದ್ರೆ ನಿಮ್ ಹಳೇ ಟಾರ್ ಖಾಲಿ ಜಾಗ ಹುಡುಕೋಕ್ ಅಂತಾನೇ ಪೂರ್ತಿ 1.2 ಟಿಬಿ ಓದುತ್ತೆ, ಆ ಹೋಲ್ (ಖಾಲಿ ಜಾಗ) ಎಲ್ಲಿದೆ ಅಂತ ಕರ್ನಲ್‌ನ ಕೇಳಿ ತಿಳ್ಕೊಳ್ಳೋದು ಟಾರ್ 1.29ರಿಂದ. ನಾನಾದ್ರೆ ಆ ಫೈಲ್‌ನ ಎಕ್ಸ್‌ಕ್ಲೂಡ್ ಮಾಡ್ತೀನಿ, ಯಾರು ಯಾವಾಗ ಲಾಗಿನ್ ಆದ್ರು ಅನ್ನೋದು ಹೊಸ ಮಷೀನಿಗೆ ಯಾಕ್ ಬೇಕು

ಕೋಡುಬಳೆ:
ಇಷ್ಟೆಲ್ಲಾ ಯಾಕೆ, ಎಸ್‌ಸಿಪಿಯಲ್ಲಿ (ನೆಟ್‌ವರ್ಕ್ ಮೇಲೆ ನೇರ) ಕಾಪಿ ಮಾಡ್ಬಿಡಿ

ರಾತ್ರಿಪಾಳಿ:
@ಕೋಡುಬಳೆ ಸಿಮ್‌ಲಿಂಕ್ (ಬೇರೆ ಫೈಲ್ ಕಡೆ ತೋರಿಸೋ ಶಾರ್ಟ್‌ಕಟ್) ಎಲ್ಲಾ ಮಾಮೂಲಿ ಫೈಲ್ ಆಗ್ಬಿಡ್ತವೆ, ಡಿವೈಸ್‌ಗಳಿಗೆ 'ನಾಟ್ ಎ ರೆಗ್ಯುಲರ್ ಫೈಲ್' ಅಂತ ಕೈ ಎತ್ತುತ್ತೆ. ಬೇಡ ಮಾರಾಯ

ಮಂಡ್ಯಹುಡುಗ:
ಥ್ಯಾಂಕ್ಸ್ ಇಬ್ರಿಗೂ. ಕ್ಯೂನಲ್ಲಿ ಇನ್ನೂ ಹೋಗ್ದೇ ಇರೋ ಮೇಲ್ ಇದಾವೆ, ಅವು ಟಾರಲ್ಲೇ ಬರ್ತವಲ್ಲ?

ಶೆಲ್‌ಪ್ರಿಯ:
ಬರ್ತವೆ, ಆದ್ರೆ ಪೋಸ್ಟ್‌ಫಿಕ್ಸ್ ನಿಲ್ಲಿಸಿ ಟಾರ್ ಮಾಡಿ. ಕ್ಯೂ ಫೈಲ್ ಹೆಸರಲ್ಲಿ ಐನೋಡ್ ನಂಬರ್ (ಡಿಸ್ಕಲ್ಲಿ ಆ ಫೈಲಿನ ಗುರುತಿನ ಸಂಖ್ಯೆ) ಸೇರಿರುತ್ತೆ, ಹೊಸ ಡಿಸ್ಕಲ್ಲಿ ಐನೋಡ್ ಬೇರೆ ಆಗೋದ್ರಿಂದ ಬಿಚ್ಚಿದ್ಮೇಲೆ ಸ್ಟಾರ್ಟ್ ಮಾಡೋಕ್ ಮುಂಚೆ ಪೋಸ್ಟ್‌ಸೂಪರ್ ಕಮಾಂಡನ್ನ ಸ್ಮಾಲ್ ಎಸ್ ಆಪ್ಷನ್ ಜೊತೆ ಓಡಿಸಿ, ಅದೇ ಹೆಸರೆಲ್ಲಾ ಸರಿ ಮಾಡುತ್ತೆ