‘ಹಳದಿ ಜ್ವರದ ಪ್ರಮಾಣಪತ್ರ’ ಅಂದರೆ ನಿಮಗೆ ಏನು ಅನ್ನಿಸುತ್ತದೆ?

ಗೆಳೆಯರೇ,

ಒಂದು ಪದದ ಬಗ್ಗೆ ಕೇಳೋಣ ಅಂತ ಕೂತೆ. ಬರೆಯುತ್ತಾ ಬರೆಯುತ್ತಾ ಆರೇಳು ಪದ ಆಯಿತು. ಉದ್ದವಾಗಿದೆ, ಬೈಬೇಡಿ.

ನನ್ನ ಅಕ್ಕನ ಮಗ ಯಂತ್ರ ಜೋಡಿಸುವ ಕೆಲಸದ ಮೇಲೆ ಘಾನಾ ದೇಶದ ಅಕ್ರಾಕ್ಕೆ ಹೋದ. ಒಂದೂವರೆ ತಿಂಗಳ ಕೆಲಸ. ಟಿಕೆಟ್ಟು, ವೀಸಾ ನೋಡಿಕೊಂಡ ಏಜೆಂಟರು ಅವನಿಗೆ ಕನ್ನಡದಲ್ಲೇ ಒಂದು ಹಾಳೆ ಕೊಟ್ಟಿದ್ದರು. ಏನೇನು ಕಾಗದ ಬೇಕು, ಏನು ಒಯ್ಯಬಹುದು, ಏನು ಒಯ್ಯಬಾರದು ಅಂತ. ಕನ್ನಡದಲ್ಲಿ ಕೊಟ್ಟರಲ್ಲ ಅಂತ ನನಗೆ ಖುಷಿಯೇ ಆಗಿತ್ತು. ಅದರ ಮೂರನೇ ಸಾಲು ಹೀಗಿತ್ತು: ‘ಹಳದಿ ಜ್ವರದ ಪ್ರಮಾಣಪತ್ರ ಕಡ್ಡಾಯ.’

ಹುಡುಗ ಏನು ಮಾಡಿದ ಗೊತ್ತಾ? ಮನೆ ಹತ್ತಿರದ ಡಾಕ್ಟರ ಬಳಿ ಹೋಗಿ, ‘ನನಗೆ ಕಾಮಾಲೆ ಇಲ್ಲ ಅಂತ ಒಂದು ಸರ್ಟಿಫಿಕೇಟ್ ಬರೆದುಕೊಡಿ’ ಅಂದ. ಅವರು ರಕ್ತ ಪರೀಕ್ಷೆ ಮಾಡಿಸಿದರು, ಲಿವರ್ ಚೆನ್ನಾಗಿದೆ ಅಂತ ಬರೆದೂ ಕೊಟ್ಟರು. ಆ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇರೆ ಹಾಕಿಸಿದ್ದ. ಹೊರಡಲು ಎರಡು ವಾರ ಇರುವಾಗ ಆ ಹಾಳೆ ನನ್ನ ಕಣ್ಣಿಗೆ ಬಿತ್ತು.

ಅಲ್ಲಿ ಬೇಕಾಗಿದ್ದು ಲಸಿಕೆ ಹಾಕಿಸಿಕೊಂಡ ಕಾರ್ಡು. ಘಾನಾಕ್ಕೆ ಹೋಗುವ, ಒಂಬತ್ತು ತಿಂಗಳು ತುಂಬಿದ ಎಲ್ಲರಿಗೂ ಅದು ಬೇಕು. ಲಸಿಕೆಯನ್ನು ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲೇ ಹಾಕಿಸಬೇಕು. ಹಾಕಿಸಿಕೊಂಡು 10 ದಿನ ಆಗುವ ತನಕ ಕಾರ್ಡಿಗೆ ಬೆಲೆಯೇ ಇಲ್ಲ. ಅವನಿಗೆ ಸೂಜಿ ಬಿದ್ದದ್ದು ವಿಮಾನಕ್ಕೆ ಹನ್ನೊಂದು ದಿನ ಇರುವಾಗ.

ಹುಡುಗನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಕನ್ನಡದವರಿಗೆ ಹಳದಿ ಬಣ್ಣದ ಕಾಯಿಲೆ ಒಂದೇ. ಅರಿಶಿನ ಕಾಮಾಲೆ. ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ ಅನ್ನುವ ಗಾದೆ ಇದೆಯಲ್ಲ, ಆ ಕಾಮಾಲೆ. ಜೊತೆಗೆ ಆ ‘ದ’ ನೋಡಿ. ಜಾತಿ ಪ್ರಮಾಣಪತ್ರ ಅಂದರೆ ಜಾತಿ ಇಂಥದ್ದು ಅಂತ. ಆದಾಯದ ಪ್ರಮಾಣಪತ್ರ ಅಂದರೆ ಆದಾಯ ಇಷ್ಟು ಅಂತ. ಮರಣ ಪ್ರಮಾಣಪತ್ರ ಅಂದರೆ ಸತ್ತಿದ್ದು ಖಾತ್ರಿ ಅಂತ. ಈ ಲೆಕ್ಕದಲ್ಲಿ ಹಳದಿ ಜ್ವರದ ಪ್ರಮಾಣಪತ್ರ ಅಂದರೆ ಇವನಿಗೆ ಹಳದಿ ಜ್ವರ ಇದೆ ಅಂತ ಆಯಿತು! ಅವನಾದರೂ ‘ಇಲ್ಲ’ ಅಂತ ಬರೆಸಿಕೊಂಡು ಬಂದ, ಪುಣ್ಯ. ತಪ್ಪಿಸಿಕೊಂಡದ್ದು ‘ಲಸಿಕೆ’ ಅನ್ನುವ ಒಂದು ಪದ. ಮಾಡಬೇಕಾದ ಕೆಲಸ ಇದ್ದದ್ದೇ ಆ ಪದದಲ್ಲಿ.

ಈಗ ಮೊದಲ ಪ್ರಶ್ನೆ. ಈ ರೋಗವನ್ನು ಕನ್ನಡದಲ್ಲಿ ಏನನ್ನಬೇಕು? ಹಳದಿ ಜ್ವರ, ಪೀತಜ್ವರ, ಯೆಲ್ಲೋ ಫೀವರ್, ಮೂರನ್ನೂ ನೋಡಿದ್ದೇನೆ. ನನ್ನ ಮತ ಯೆಲ್ಲೋ ಫೀವರಿಗೆ. ನಮ್ಮ ಈ ಗುಂಪಿನ ಹಿರಿಯರು ಮುಖ ಗಂಟಿಕ್ಕುತ್ತಾರೆ, ಗೊತ್ತು. ಆದರೆ ಡೆಂಗ್ಯೂ, ಚಿಕೂನ್‌ಗುನ್ಯಾಗಳಿಗೆ ನಾವು ಕನ್ನಡ ಹೆಸರು ಹುಡುಕಲಿಲ್ಲ, ಯಾರಿಗೂ ಗೊಂದಲ ಆಗಲಿಲ್ಲ. ಇದನ್ನು ಹರಡುವುದೂ ಡೆಂಗ್ಯೂ ತರುವ ಈಡಿಸ್ ಸೊಳ್ಳೆಯೇ. ರೋಗ ಜೋರಾದಾಗ ಲಿವರಿಗೆ ಏಟು ಬಿದ್ದು ಮೈ, ಕಣ್ಣು ಹಳದಿ ಆಗುತ್ತದೆ, ಅದಕ್ಕೆ ಆ ಹೆಸರು. ಕಾಮಾಲೆ ಇದರ ಒಂದು ಗುರುತು ಅಷ್ಟೇ.

ನಮ್ಮಲ್ಲಿ ಸೊಳ್ಳೆ ಧಾರಾಳವಾಗಿದೆ, ಈ ವೈರಸ್ ಮಾತ್ರ ಬಂದಿಲ್ಲ. ಅದಕ್ಕೇ ನಮ್ಮ ಸರ್ಕಾರವೂ ಈ ವಿಷಯದಲ್ಲಿ ಬಿಗಿ. ಘಾನಾದಂಥ ದೇಶದಿಂದ ಕಾರ್ಡಿಲ್ಲದೆ ವಾಪಸ್ಸು ಬಂದಿಳಿದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸುತ್ತಾರೆ. ಕ್ವಾರಂಟೈನ್ ಅನ್ನುವ ಪದ ಹುಟ್ಟಿದ್ದು ವೆನಿಸ್ ಕಡೆಯ ಮಾತಿನಲ್ಲಿ ‘ನಲವತ್ತು ದಿನ’ ಅನ್ನುವುದರಿಂದ. ಹೆಸರಿನಲ್ಲಿ ನಲವತ್ತು, ಲೆಕ್ಕದಲ್ಲಿ ಆರು! ಅಂತೂ ಕಾರ್ಡು ಹೋಗುವುದಕ್ಕೆ ಎಷ್ಟು ಮುಖ್ಯವೋ ಬರುವುದಕ್ಕೂ ಅಷ್ಟೇ ಮುಖ್ಯ. ಆ ಹಾಳೆಯಲ್ಲಿ ಅದು ಇರಲೇ ಇಲ್ಲ. ಇದ್ದದ್ದು ‘ಪ್ರಮಾಣಪತ್ರದ ಅವಧಿ ಹತ್ತು ವರ್ಷ’ ಅಂತ. ಅದೂ ಹಳೇ ಮಾತು. 2016ರ ಜುಲೈನಿಂದ ಒಮ್ಮೆ ಹಾಕಿಸಿಕೊಂಡರೆ ಕಾರ್ಡು ಜೀವನಪೂರ್ತಿ ನಡೆಯುತ್ತದೆ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಘಾನಾ ಸ್ವತಂತ್ರವಾಗಿದ್ದು 1957ರ ಮಾರ್ಚ್ 6ರಂದು. ಅದೇ ವರ್ಷ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಜನರೂ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ, ಯೆಲ್ಲೋ ಫೀವರ್ ಭಾರತಕ್ಕೆ ಕಾಲಿಟ್ಟಿತೇ ಅಂತ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ರೋಗ ಬಂದಾಗ ಮಂಗಗಳು ಹೀಗೇ ಸಾಯುತ್ತವೆ. ಹುಡುಕಿದರೆ ಅದು ಉಣುಗು ಕಚ್ಚಿ ಬರುವ ಬೇರೆಯೇ ವೈರಸ್. ವಿಜ್ಞಾನಿಗಳು ಊರಿನ ಹೆಸರಿಟ್ಟರು. ಮಲೆನಾಡಿನವರು ಕಣ್ಣಿಗೆ ಕಂಡದ್ದನ್ನು ಹೇಳಿದರು: ಮಂಗನ ಕಾಯಿಲೆ. ಇವತ್ತಿಗೂ ಗೆದ್ದಿರುವುದು ಅವರ ಹೆಸರೇ.

ತಮಾಷೆ ಅಂದರೆ ಈ ಎರಡೂ ವೈರಸ್ ಒಂದೇ ಕುಟುಂಬದವು, ಫ್ಲೇವಿವೈರಸ್. ‘ಫ್ಲೇವಸ್’ ಅಂದರೆ ಲ್ಯಾಟಿನ್‌ನಲ್ಲಿ ಹಳದಿ. ಯೆಲ್ಲೋ ಫೀವರ್‌ನಿಂದ ಇಡೀ ಕುಟುಂಬಕ್ಕೆ ಆ ಹೆಸರು ಬಂತು. ಹಾಗಾಗಿ ನಮ್ಮ ಮಂಗನ ಕಾಯಿಲೆಯೂ ಹಳದಿ ಮನೆತನದ್ದೇ, ಸುಮ್ನೆ ನಮಗೆ ಗೊತ್ತಿಲ್ಲ ಅಷ್ಟೇ.

ಇನ್ನೊಂದು ಮಂಗನ ಕಥೆ ಇದೆ. ಘಾನಾಕ್ಕೆ ಆಗ ಗೋಲ್ಡ್ ಕೋಸ್ಟ್ ಅಂತ ಹೆಸರು. 1927ರಲ್ಲಿ ಅಲ್ಲಿ ಅಸಿಬಿ ಅನ್ನುವವನಿಗೆ ಯೆಲ್ಲೋ ಫೀವರ್ ಬಂತು. ಅವನ ರಕ್ತವನ್ನು ಒಂದು ರೀಸಸ್ ಮಂಗಕ್ಕೆ ಚುಚ್ಚಿದರು. ಇದು ನಮ್ಮ ಉತ್ತರ ಭಾರತದಲ್ಲಿ ಕಾಣುವ ಕೆಂಪು ಮೂತಿಯ ಜಾತಿ. ಅಸಿಬಿ ಬದುಕಿದ, ಮಂಗ ಸತ್ತಿತು. ಆ ವೈರಸ್ಸನ್ನೇ ಪಳಗಿಸಿ ಪಳಗಿಸಿ ಮ್ಯಾಕ್ಸ್ ಥೈಲರ್ ಲಸಿಕೆ ಮಾಡಿದರು, 1951ರಲ್ಲಿ ಅವರಿಗೆ ನೊಬೆಲ್ ಬಂತು. ಈ ಕೆಲಸದ ದಾರಿಯಲ್ಲಿ ಜೀವ ಕೊಟ್ಟವರೂ ಇದ್ದಾರೆ. ಜಪಾನಿನ ಹಿಡೆಯೊ ನೊಗುಚಿ 1928ರ ಮೇ ತಿಂಗಳಲ್ಲಿ ಅಕ್ರಾದಲ್ಲೇ ಇದೇ ಜ್ವರದಿಂದ ತೀರಿಕೊಂಡರು. ಅವರ ಹೆಸರಿನ ಸಂಶೋಧನಾ ಸಂಸ್ಥೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇದೆ. ನಮ್ಮ ಹುಡುಗನ ತೋಳಿಗೆ ಬಿದ್ದ ಲಸಿಕೆಯ ಮೂಲ ಅವನು ಹೋಗುವ ದೇಶದ್ದೇ. ಇದನ್ನು ಹೇಳಿದಾಗ, ‘ಹಾಗಾದರೆ ಅಲ್ಲೇ ಹೋಗಿ ಹಾಕಿಸಿಕೊಳ್ಳಬಹುದಿತ್ತಲ್ಲ’ ಅಂದ. ಏನು ಹೇಳೋಣ.

ಹಾಳೆಗೆ ಬರೋಣ. ಎರಡನೇ ಭಾಗದ ತಲೆಬರಹ ‘ಘಾನಾದ ಸಂಪ್ರದಾಯಗಳು’ ಅಂತಿತ್ತು. ಓಹೋ, ಬಲಗೈಯಲ್ಲೇ ಕೊಡಬೇಕು, ಹಿರಿಯರಿಗೆ ಮೊದಲು ವಂದಿಸಬೇಕು ಅನ್ನುವುದೆಲ್ಲ ಬರೆದಿರಬೇಕು ಅಂದುಕೊಂಡೆ. ಕೆಳಗೆ ನೋಡಿದರೆ ಸಿಗರೇಟು, ಹೆಂಡ, ಡಾಲರಿನ ಮಾತು! ಕಸ್ಟಮ್ಸ್ ಅನ್ನುವುದನ್ನು ಯಂತ್ರವೋ ಮನುಷ್ಯರೋ ಸಂಪ್ರದಾಯ ಮಾಡಿಬಿಟ್ಟಿದ್ದಾರೆ. ‘ಸಂಪ್ರದಾಯ ಅಧಿಕಾರಿಗಳು ಪೆಟ್ಟಿಗೆ ತೆರೆಸಬಹುದು’ ಅಂತ ಒಂದು ಸಾಲು. ನಮ್ಮ ಅಜ್ಜಿ ನೆನಪಾದರು.

ನಕ್ಕ ಮೇಲೆ ಯೋಚಿಸಿದೆ. ಇದು ಪೂರ್ತಿ ತಪ್ಪೂ ಅಲ್ಲ. ರೂಢಿಯಿಂದ ಕೊಡುತ್ತಾ ಬಂದ ಸಲ್ಲಿಕೆ ಅನ್ನುವ ಅರ್ಥದಿಂದಲೇ ಇಂಗ್ಲಿಷಿನಲ್ಲಿ ಕಸ್ಟಮ್ಸ್ ಅನ್ನುವ ಹೆಸರು ಬಂದದ್ದು. ನಮ್ಮಲ್ಲೂ ಇದೇ ನಡೆದ ಒಂದು ಪದ ಇದೆ, ಅಲ್ವಾ? ಮಾಮೂಲು. ಎಂದಿನಂತೆ, ರೂಢಿಯಂತೆ ಅನ್ನುವ ಅರ್ಥದ ಪದ. ಅದು ರೂಢಿಯಾಗಿ ಕೊಡುವ ದುಡ್ಡಾಯಿತು, ಆಮೇಲೆ ಮೇಜಿನ ಕೆಳಗೆ ಹೋಯಿತು. ಅವರ ರೂಢಿ ಇಲಾಖೆಯಾಯಿತು, ನಮ್ಮ ರೂಢಿ ಲಂಚವಾಯಿತು.

ಕಸ್ಟಮ್ಸಿಗೆ ನಮ್ಮದೇ ಗಟ್ಟಿ ಪದ ಇದೆ: ಸುಂಕ. ಶುಲ್ಕ ಅನ್ನುವುದರ ತದ್ಭವ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ ಅಂತ ಬರುತ್ತದೆ, ಹಿರಿಯ ಸುಂಕ. ಬೆಂಗಳೂರಿನಲ್ಲಿ ಸುಂಕದಕಟ್ಟೆ ಇದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆ ಇವತ್ತಿನ ಯಾವ ವಿಮಾನ ನಿಲ್ದಾಣದಲ್ಲಿ ಬೇಕಾದರೂ ಬರೆದು ಹಾಕಬಹುದು. ಹೀಗಿರುವಾಗ ‘ಸೀಮಾಶುಲ್ಕ’ ಅಂತ ಯಾಕೆ ಬರೆಯಬೇಕು? ಸುಂಕ ಹಣ, ಸುಂಕದವರು ಜನ, ಸುಂಕದ ಕಟ್ಟೆ ಜಾಗ. ಮೂರೂ ಸಿದ್ಧವಾಗಿವೆ. ಇಲ್ಲಿ ಮಾತ್ರ ನಾನು ಇಂಗ್ಲಿಷ್ ಪದದ ಪರ ಅಲ್ಲ.

ನನಗೆ ನಿಜಕ್ಕೂ ಸಹಾಯ ಬೇಕಾಗಿರುವುದು ಮುಂದಿನ ಪದಕ್ಕೆ. ‘10,000 ಡಾಲರಿಗಿಂತ ಜಾಸ್ತಿ ಹಣ ಇದ್ದರೆ ಘೋಷಿಸಬೇಕು.’ ಘೋಷಣೆ ಅಂದ ಕೂಡಲೇ ನನಗೆ ಕಾಣುವುದು ಮೆರವಣಿಗೆ, ಧಿಕ್ಕಾರ, ಜೈಕಾರ. ವಿಮಾನದಿಂದ ಇಳಿದು ‘ನನ್ನ ಹತ್ತಿರ ಹನ್ನೆರಡು ಸಾವಿರ ಇದೆ’ ಅಂತ ಕೂಗಿದರೆ ಏನಾದೀತು! ಬೇಕಾಗಿರುವುದು ಸುಂಕದವರಿಗೆ ತಾನಾಗಿ ತಿಳಿಸಿ, ಫಾರಮ್ಮಿನಲ್ಲಿ ಬರೆದುಕೊಡುವುದು. ‘ತಿಳಿಸಬೇಕು’ ಸಪ್ಪೆ. ‘ಒಪ್ಪಿಸಬೇಕು’ ಅಂದರೆ ಹಣವೇ ಕೈಬಿಟ್ಟಂತೆ. ‘ಲೆಕ್ಕ ಹೇಳಬೇಕು’ ಅನ್ನಬಹುದೇ? ‘ಬರೆಸಬೇಕು’ ನನಗೆ ಹಿಡಿಸಿದೆ, ಸಂತೆಯಲ್ಲಿ ದನ ಬರೆಸುವ ಹಾಗೆ. ನಿಮಗೆ ಬೇರೆ ಹೊಳೆದರೆ ಹೇಳಿ.

ಹಣದ ಮಾತು ಬಂದಾಗ ಇದನ್ನು ಬಿಡಲಾರೆ. ಘಾನಾದ ದುಡ್ಡಿನ ಹೆಸರು ಸೆಡಿ. ಅಲ್ಲಿನ ಅಕಾನ್ ಮಾತಿನಲ್ಲಿ ಕವಡೆ ಅನ್ನುವ ಪದದಿಂದ ಬಂದದ್ದು. ಪಶ್ಚಿಮ ಆಫ್ರಿಕದಲ್ಲಿ ಶತಮಾನಗಳ ಕಾಲ ಕವಡೆಯೇ ನಾಣ್ಯ. ಅದರ ದೊಡ್ಡ ಪಾಲು ಮಾಲ್ಡೀವ್ಸ್‌ನಿಂದ ಯುರೋಪಿನ ಹಡಗುಗಳಲ್ಲಿ ಹೋಗುತ್ತಿತ್ತು, ಅಂದರೆ ನಮ್ಮ ಪಕ್ಕದ ಸಮುದ್ರದಿಂದ. ನಾವು ‘ಕವಡೆ ಕಾಸಿನ ಬೆಲೆ ಇಲ್ಲ’ ಅಂತ ಬೈಯುವಾಗ ಅವರು ಅದೇ ಕವಡೆಯ ಹೆಸರನ್ನು 1965ರಲ್ಲಿ ನೋಟಿಗೆ ಇಟ್ಟುಕೊಂಡರು.

ವೀಸಾ ಅನ್ನುವುದನ್ನು ಹಾಗೇ ಇಟ್ಟುಕೊಳ್ಳೋಣ. ‘ನೋಡಲಾಗಿದೆ’ ಅನ್ನುವ ಅರ್ಥದ ಲ್ಯಾಟಿನ್ ಪದ. ನೋಡಿದ್ದೇವೆ ಅಂತ ಮುದ್ರೆ ಒತ್ತುವುದು, ಅಷ್ಟೇ. ನಮ್ಮ ತಾತ ಪಾಸ್‌ಪೋರ್ಟಿಗೆ ರಹದಾರಿ ಅನ್ನುತ್ತಿದ್ದರು. ಲಾರಿ ಪರ್ಮಿಟ್ಟಿಗೆ ಈಗಲೂ ಅದೇ ಪದ. ಮೊಘಲರ ಕಾಲದಲ್ಲಿ ರಹದಾರಿ ಅಂದರೆ ದಾರಿಯಲ್ಲಿ ವಸೂಲು ಮಾಡುವ ಸುಂಕ. ಸುಂಕ ಹೋಗಿ ಚೀಟಿ ಉಳಿಯಿತು. ಚೆಂದದ ಪದ, ಆದರೆ ಪಾಸ್‌ಪೋರ್ಟಿಗೋ ವೀಸಾಕ್ಕೋ ಅಂತ ಮತ್ತೆ ಗೊಂದಲ ಆಗುತ್ತದೆ. ಹಾಳೆಯಲ್ಲಿ ‘ವೀಸಾ ಅವಧಿ’ ಅಂತ ಒಂದೇ ಪದ ಎರಡು ಕಡೆ ಇತ್ತು. ಒಂದು ಕಡೆ, ಈ ವೀಸಾ ಯಾವ ದಿನದೊಳಗೆ ಬಳಸಬೇಕು ಅಂತ. ಇನ್ನೊಂದು ಕಡೆ, ಅಲ್ಲಿ ಎಷ್ಟು ದಿನ ಇರಬಹುದು ಅಂತ. ಎರಡನೆಯದನ್ನು ಇಳಿದ ಮೇಲೆ ಅಲ್ಲಿನ ಅಧಿಕಾರಿ ಮುದ್ರೆ ಒತ್ತಿ ಬರೆಯುತ್ತಾರೆ. ಮೊದಲನೆಯದಕ್ಕೆ ‘ವಾಯಿದೆ’, ಎರಡನೆಯದಕ್ಕೆ ‘ಇರುವ ದಿನ’ ಅಂತ ನಾನು ತಿದ್ದಿದೆ. ಸರಿಯೇ?

‘ಆಹ್ವಾನ ಪತ್ರಿಕೆ ಲಗತ್ತಿಸಿ’ ಅನ್ನುವುದನ್ನೂ ತಿದ್ದಿದೆ. ಇಲ್ಲದಿದ್ದರೆ ನಮ್ಮ ಹುಡುಗ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಕೊಡುವ ಪೈಕಿ. ‘ಕರೆಸಿಕೊಳ್ಳುವವರ ಪತ್ರ’ ಅಂತ ಬರೆದೆ. ಅರ್ಜಿ ಹೋಗಬೇಕಾದ್ದು ದೆಹಲಿಯ ಘಾನಾ ಹೈ ಕಮಿಷನ್‌ಗೆ. ಎರಡೂ ಕಾಮನ್‌ವೆಲ್ತ್ ದೇಶಗಳಾದ್ದರಿಂದ ರಾಯಭಾರ ಕಚೇರಿಗೆ ಆ ಹೆಸರು. ನಮ್ಮ ಅಕ್ಕ ಅದನ್ನು ಕೇಳಿ, ‘ಎಷ್ಟು ಪರ್ಸೆಂಟ್ ಅಂತೆ?’ ಅಂದಳು. ಇದಕ್ಕೆ ‘ರಾಯಭಾರ ಕಚೇರಿ’ ಅಂತಲೇ ಬರೆದರೆ ಸಾಕು ಅಂತ ನನಗೆ ಅನ್ನಿಸುತ್ತದೆ. ಯಾರಾದರೂ ತಡೆಯುವವರಿದ್ದರೆ ತಡೆಯಿರಿ.

ಕೊನೆಯದು. ಘಾನಾದಲ್ಲಿ ಸೈನಿಕರ ಹಸಿರು ಚುಕ್ಕೆ ಬಟ್ಟೆಯನ್ನು ಸಾಮಾನ್ಯ ಜನ ತೊಡುವಂತಿಲ್ಲ, ಮಕ್ಕಳೂ ತೊಡುವಂತಿಲ್ಲ. ಹಾಳೆಯಲ್ಲಿ ಇದು ‘ಛದ್ಮವೇಷ ನಿಷಿದ್ಧ’ ಅಂತ ಆಗಿತ್ತು. ಛದ್ಮವೇಷ ಅಂದರೆ ನಮಗೆ ಶಾಲೆಯ ವಾರ್ಷಿಕೋತ್ಸವ. ಹುಡುಗ, ‘ನಾನ್ಯಾಕೆ ಅಲ್ಲಿ ಹೋಗಿ ವೇಷ ಹಾಕಲಿ’ ಅಂತ ನಕ್ಕು, ಪೆಟ್ಟಿಗೆಯಲ್ಲಿ ಮಿಲಿಟರಿ ಪ್ರಿಂಟಿನ ಎರಡು ಚಡ್ಡಿ ಮಡಚಿ ಇಟ್ಟಿದ್ದ. ಅವನ್ನು ತೆಗೆಸಿದೆ. ‘ಮಿಲಿಟರಿ ಬಟ್ಟೆ’ ಅಂದರೆ ಯೂನಿಫಾರಂ ಅಂದುಕೊಳ್ಳುತ್ತಾರೆ, ‘ಮರೆಮಾಚು ಬಣ್ಣ’ ಅಂದರೆ ಯಾರಿಗೂ ತಿಳಿಯಲ್ಲ. ಬಟ್ಟೆ ಅಂಗಡಿಯಲ್ಲಿ ಇದನ್ನು ನಿಮ್ಮ ಕಡೆ ಏನಂತ ಕೇಳುತ್ತಾರೆ?